ಐದು ಬೆರಳಿನ ಅಕ್ಷರಮಾಲೆ

ಕಳೆದ ಮಳೆಗಾಲದಲ್ಲಿ ನನ್ನ ಬಳಿ ಕಲಿಯುವ ಹುಡುಗರಿಗಾಗಿ ಒಂದು ಚಿಕ್ಕ ಪಾಠವನ್ನು ಸಿದ್ಧಪಡಿಸುತ್ತಿದ್ದೆ. ಹಳೆಯ ತೂಕದ ಯಂತ್ರವೊಂದು ಸರಿಗೆಯ ಮೂಲಕ ಕಂಪ್ಯೂಟರಿಗೆ ಅಂಕೆಗಳನ್ನು ಕಳುಹಿಸುತ್ತದೆ. ಅವನ್ನು ಒಂದೊಂದಾಗಿ ಹಿಡಿದು, ಕೇಳುವವರಿಗೆ ತಲುಪಿಸುವ ಪ್ರೋಗ್ರಾಮನ್ನು ಬರೆಯಬೇಕು. ಇಂಥ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಅದು ಹೋಗಿ ಸೇರುವುದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳಿಗೆ. ಆ ತಿರುಳನ್ನು ಬಲ್ಲವರು ಕರ್ನೆಲ್ ಎನ್ನುತ್ತಾರೆ. ಸೈನ್ಯದ ಕರ್ನಲ್ಲರಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲಿಯೇ ನಿಲ್ಲಿಸಬೇಕು ಎಂಬ ವಿಷಯದಲ್ಲಿ ಇಬ್ಬರ ಕಟ್ಟುನಿಟ್ಟೂ ಒಂದೇ ಬಗೆಯದು.

ನಾನು ಬರೆದದ್ದು ಹೆಚ್ಚೆಂದರೆ ನೂರೈವತ್ತು ಸಾಲು. ತೂಕದ ಯಂತ್ರದ ವೇಗ 9600 ಬಾಡ್. ಸರಿಗೆಯನ್ನು ನೋಡಿಕೊಳ್ಳುವ ಚಿಪ್ಪಿನ ಮೂಲವೇಗ 1,15,200. ಅದನ್ನು 12ರಿಂದ ಭಾಗಿಸಿದರೆ 9600. ಆ ಹನ್ನೆರಡನ್ನು ಸರಿಯಾದ ಕೋಶದಲ್ಲಿ ತುಂಬಿ, ವೇಗ ಹೊಂದಿಸುವ ಬಾಗಿಲನ್ನು ಮುಚ್ಚಲೆಂದು ಪಕ್ಕದ ಕೋಶದಲ್ಲಿ ಒಂದು ಸೊನ್ನೆಯನ್ನು ಬರೆದೆ. ಯಂತ್ರದ ಮೇಲೆ ಕಲ್ಲಿಟ್ಟು ನೋಡಿದರೆ ಅಂಕೆಗಳ ಬದಲು ಅರ್ಥವಿಲ್ಲದ ಗುರುತುಗಳು ಬಂದವು. ಒಂದು ಅಂಕೆ ಬರಬೇಕಾದಲ್ಲಿ ಎರಡು ತುಣುಕು. ಆ ಎರಡೂ ಓದಲಾಗದಂಥವು. ಅರ್ಧ ದಿನ ಸರಿಗೆಯನ್ನು ಬೈದೆ, ತೂಕದ ಯಂತ್ರವನ್ನು ಬೈದೆ. ಸಂಜೆಯ ಹೊತ್ತಿಗೆ ತಪ್ಪು ಕಂಡಿತು. ನಾನು ಸೊನ್ನೆ ಬರೆದ ಕೋಶದ ಕೊನೆಯ ಎರಡು ಬಿಟ್ಟುಗಳು ಒಂದು ಅಕ್ಷರಕ್ಕೆ ಎಷ್ಟು ಬಿಟ್ಟು ಎಂಬುದನ್ನು ಹೇಳುತ್ತವೆ. ಎರಡೂ ಒಂದಾಗಿದ್ದರೆ ಎಂಟು ಬಿಟ್ಟಿನ ಅಕ್ಷರ. ಎರಡೂ ಸೊನ್ನೆಯಾಗಿದ್ದರೆ ಐದು.

ಸೊನ್ನೆ ಎಂದರೆ ಐದೇಕೆ? ನನ್ನ ಮೇಜಿಗೆ ಬರುವ ಯಾವ ಸಾಧನವೂ ಐದು ಬಿಟ್ಟಿನಲ್ಲಿ ಮಾತನಾಡುವುದಿಲ್ಲ. ಆದರೂ ಚಿಪ್ಪಿನ ಎಣಿಕೆ ಐದರಿಂದಲೇ ಆರಂಭವಾಗುತ್ತದೆ: ಐದು, ಆರು, ಏಳು, ಎಂಟು. ಕರ್ನೆಲ್ಲಿನ ಕಡತದಲ್ಲಿಯೂ ಅದೇ ಪಟ್ಟಿಯುಂಟು. ಅದರ ಮೊದಲನೆಯ ಹೆಸರು ಸಿಎಸ್5. ಅದೇ ಕಡತದಲ್ಲಿ ವೇಗಗಳ ಪಟ್ಟಿಯೂ ಇದೆ. ಬಿ50, ಬಿ300, ಬಿ9600 ಎಂದು ಪ್ರತಿಯೊಂದರ ತಲೆಯ ಮೇಲೂ ಒಂದು ಬಿ. ಈ ಐದು, ಈ ಬಿ ಎರಡೂ ಒಬ್ಬನೇ ಮನುಷ್ಯನ ಕಡೆಗೆ ಬೆರಳು ತೋರಿಸುತ್ತವೆ. ಬಾಡ್ ಎಂಬುದು ಆತನ ಹೆಸರಿನ ಮೊದಲರ್ಧ. ದಿನಕ್ಕೆ ಹತ್ತು ಬಾರಿ ಆ ಹೆಸರನ್ನು ಉಚ್ಚರಿಸುತ್ತಿದ್ದ ನಾನು, ಅದು ಒಂದು ಹೆಸರು ಎಂಬುದನ್ನು ಎಂದೋ ಮರೆತುಬಿಟ್ಟಿದ್ದೆ.

ಜಾಂ ಮೋರಿಸ್ ಎಮೀಲ್ ಬೋದೋ 1845ರ ಸೆಪ್ಟೆಂಬರ್ 11ರಂದು ಫ್ರಾನ್ಸಿನ ಓತ್‌ಮಾರ್ನ್ ಪ್ರಾಂತದ ಮಾನ್ಯೊ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ರೈತ. ಹುಡುಗನು ಪಡೆದ ಶಾಲಾಶಿಕ್ಷಣವೆಲ್ಲ ಊರಿನ ಪ್ರಾಥಮಿಕ ಶಾಲೆಯಲ್ಲಿಯೇ ಮುಗಿಯಿತು. ಆಮೇಲೆ ಹೊಲದ ಕೆಲಸ. ಇಪ್ಪತ್ತಮೂರು ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೂ ಆತನ ಜೀವನದಲ್ಲಿ ಚರಿತ್ರಕಾರನಿಗೆ ಹೇಳಲು ಸಿಕ್ಕುವಂಥ ಸಂಗತಿ ಇನ್ನೊಂದಿಲ್ಲ. 1869ರಲ್ಲಿ ಆತನು ಅಂಚೆ ತಂತಿ ಇಲಾಖೆಯಲ್ಲಿ ಉಮೇದುವಾರನಾಗಿ ಸೇರಿದನು. ಅಲ್ಲಿ ಮೋರ್ಸ್ ಲಿಪಿಯನ್ನು ಕಲಿತನು. ನಾಲ್ಕು ತಿಂಗಳ ಕಾಲ ಹ್ಯೂಸ್ ಎಂಬಾತನ ಅಚ್ಚುತಂತಿ ಯಂತ್ರದ ಮೇಲೆ ತರಬೇತಿ ಪಡೆದನು. ಮರುವರ್ಷ ಪ್ರಷ್ಯದೊಡನೆ ಯುದ್ಧ ಬಂದಿತು, ಆತನೂ ಹೋದನು. 1872ರಲ್ಲಿ ಮತ್ತೆ ಪ್ಯಾರಿಸ್ಸಿನ ತಂತಿ ಕಛೇರಿಗೆ ಬಂದನು. ಇಲಾಖೆಗೆ ಸೇರಿದ ಮೊದಲ ದಿನಗಳಿಂದಲೇ ಏನೋ ಒಂದು ಅನಾರೋಗ್ಯ ಆತನನ್ನು ಹಿಡಿದಿತ್ತು. ಒಮ್ಮೆ ಒಂದು ತಿಂಗಳು ಪೂರ್ತಿ ಕೆಲಸಕ್ಕೆ ಬರಲಾಗಲಿಲ್ಲ. ಆ ಬೇನೆ ಕೊನೆಯವರೆಗೂ ಬಿಡಲಿಲ್ಲ.

ಆ ಕಾಲದ ತಂತಿ ಕಛೇರಿಯ ಕಷ್ಟವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಊರಿಂದೂರಿಗೆ ಕಂಬ ನೆಟ್ಟು ತಂತಿ ಎಳೆಯುವುದು ಬಹು ದುಬಾರಿ. ಹಾಗೆ ಎಳೆದ ತಂತಿಯಾದರೋ ದಿನದ ಹೆಚ್ಚು ಭಾಗ ಸುಮ್ಮನೆ ಇರುತ್ತಿತ್ತು. ಮೋರ್ಸ್ ಕೀಲಿಯನ್ನು ಒತ್ತುವವನ ಕೈ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ, ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಯುಗವೇ ಕಳೆಯುತ್ತದೆ. ಹ್ಯೂಸನ ಯಂತ್ರ ಸಂದೇಶವನ್ನು ಅಕ್ಷರಗಳಲ್ಲಿಯೇ ಅಚ್ಚುಹಾಕುತ್ತಿತ್ತು. ಅದಕ್ಕೆ ಪಿಯಾನೋದಂತೆ ಇಪ್ಪತ್ತೆಂಟು ಕೀಲಿಗಳು. ಎರಡೂ ಊರುಗಳಲ್ಲಿ ಅಕ್ಷರದ ಚಕ್ರ ಒಂದೇ ಸಮನೆ ತಿರುಗುತ್ತಿರುತ್ತದೆ. ಬೇಕಾದ ಅಕ್ಷರ ಕಾಗದದೆದುರಿಗೆ ಬಂದಾಗ ಒಂದು ಮಿಡಿತ ಹೋಗುತ್ತದೆ. ಸೊಗಸಾದ ಯಂತ್ರವೇ. ಆದರೆ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ಅಲ್ಲಿಯೂ ತಂತಿ ಬರಿದು.

ಬೆರ್ನಾರ್ ಮೆಯೇರ್ ಎಂಬ ಇನ್ನೊಬ್ಬನು 1870ರ ದಶಕದ ಆರಂಭದಲ್ಲಿ ಬೇರೊಂದು ದಾರಿ ಹಿಡಿದಿದ್ದನು. ಒಂದೇ ತಂತಿಯನ್ನು ಹಲವು ನೌಕರರಿಗೆ ಸರದಿಯ ಮೇಲೆ ಕೊಡುವುದು. ಇವನಿಗೆ ಒಂದು ಕ್ಷಣ, ಅವನಿಗೆ ಮರುಕ್ಷಣ. ನಮ್ಮ ಊರಿನ ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ತಿರುಗಿಸುವ ಹಾಗೆ. ಆದರೆ ಅವನು ಉಳಿಸಿಕೊಂಡದ್ದು ಮೋರ್ಸ್ ಲಿಪಿಯನ್ನು. ಅದರಲ್ಲಿ ಇ ಎಂಬ ಅಕ್ಷರಕ್ಕೆ ಒಂದೇ ಚುಕ್ಕೆ, ಕ್ಯೂ ಎಂಬುದಕ್ಕೆ ಮೂರು ಗೆರೆ ಒಂದು ಚುಕ್ಕೆ. ಒಬ್ಬನ ಗದ್ದೆ ಮೊಳದುದ್ದ, ಇನ್ನೊಬ್ಬನದು ಮಾರುದ್ದವಾದರೆ ಸರದಿಯ ಹೊತ್ತನ್ನು ಸಮನಾಗಿ ಹಂಚುವುದು ಹೇಗೆ?

ಬೋದೋ ಮಾಡಿದ್ದು ಗದ್ದೆಗಳನ್ನೆಲ್ಲ ಒಂದೇ ಅಳತೆಗೆ ತಂದದ್ದು. ಪ್ರತಿ ಅಕ್ಷರಕ್ಕೂ ಸರಿಸಮನಾದ ಐದು ಮನೆ. ಪ್ರತಿ ಮನೆಯಲ್ಲೂ ವಿದ್ಯುತ್ತು ಹೀಗೆ ಅಥವಾ ಹಾಗೆ, ಎರಡೇ ಸ್ಥಿತಿ. ಎರಡನ್ನು ಐದು ಬಾರಿ ಗುಣಿಸಿದರೆ 32 ಬಗೆ. ರೋಮನ್ ಅಕ್ಷರಗಳಿಗೆ ಅಷ್ಟು ಸಾಕು. ಅಂಕೆಗಳಿಗೂ ವಿರಾಮಚಿಹ್ನೆಗಳಿಗೂ ಎಡೆಯಿಲ್ಲ. ಅದಕ್ಕಾಗಿ ಎರಡು ಗುರುತುಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟನು. ಒಂದು ಬಂದರೆ ಮುಂದಿನವೆಲ್ಲ ಅಕ್ಷರ, ಇನ್ನೊಂದು ಬಂದರೆ ಮುಂದಿನವೆಲ್ಲ ಅಂಕೆ. ಇಲಾಖೆಯವರು ಆತನಿಗೆ ಉತ್ತೇಜನವನ್ನೇನೋ ಕೊಟ್ಟರು, ಆದರೆ ಸಮಯವನ್ನು ಕೊಡಲಿಲ್ಲ. ಈ ಕೆಲಸವೆಲ್ಲ ನೌಕರಿಯ ಹೊತ್ತು ಮುಗಿದ ಮೇಲೆ ನಡೆಯಬೇಕಿತ್ತು. 1874ರ ಜೂನ್ 17ರಂದು ಮೊದಲ ಹಕ್ಕುಪತ್ರ ದೊರೆಯಿತು. ಮೊದಲಿಗೆ ಆರು ಮನೆಯ ಲಿಪಿಯನ್ನು ಯೋಚಿಸಿ, 1876ರ ಹೊತ್ತಿಗೆ ಐದಕ್ಕೆ ಇಳಿದನು.

ಕೀಲಿಗಳೂ ಐದೇ. ಎಡಗೈಗೆ ಎರಡು, ಬಲಗೈಗೆ ಮೂರು. ಹ್ಯೂಸನ ಇಪ್ಪತ್ತೆಂಟನ್ನು ಐದಕ್ಕೆ ಇಳಿಸಿದ ಮೇಲೆ ಅಕ್ಷರಗಳ ಭಾರವೆಲ್ಲ ನೌಕರನ ನೆನಪಿನ ಮೇಲೆ ಬೀಳುತ್ತದೆ. ಆ ನೆನಪಿಗೆ ನೆರವಾಗಲೆಂದು ಬೋದೋ ಲಿಪಿಯನ್ನು ಜೋಡಿಸಿದ ರೀತಿಯನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಸ್ವರಗಳೆಲ್ಲ ಬಲಗೈಯ ಮೂರು ಬೆರಳುಗಳಲ್ಲಿವೆ: ಎ ಎಂದರೆ ಒಂದನೆಯ ಕೀಲಿ, ಇ ಎಂದರೆ ಎರಡನೆಯದು, ಓ ಎಂದರೆ ಮೂರೂ ಒಟ್ಟಿಗೆ. ಎಡಗೈ ಸೇರಿತೆಂದರೆ ವ್ಯಂಜನ. ಅಂದರೆ ಸ್ವರವನ್ನು ಬೇರೆಯಾಗಿಯೂ ವ್ಯಂಜನವನ್ನು ಬೇರೆಯಾಗಿಯೂ ಇಟ್ಟು ಕಲಿಸುವ ನಮ್ಮ ಓನಾಮದ ಕ್ರಮ, ಪ್ಯಾರಿಸ್ಸಿನ ತಂತಿ ನೌಕರನೊಬ್ಬನ ಎರಡು ಕೈಗಳಲ್ಲಿ ಕಾಣಿಸಿಕೊಂಡಿತ್ತು. ನಮ್ಮ ವರ್ಣಮಾಲೆಯ ಪರಿಚಯ ಆತನಿಗೆ ಇತ್ತೆಂದು ನಾನು ಹೇಳುತ್ತಿಲ್ಲ. ನಾಲಗೆಯ ಅನುಕೂಲಕ್ಕೆ ನಮ್ಮವರು ಮಾಡಿದ್ದನ್ನು ಆತನು ಬೆರಳಿನ ಅನುಕೂಲಕ್ಕೆ ಮಾಡಿದನು.

ಆದರೆ ನನ್ನ ದೃಷ್ಟಿಯಲ್ಲಿ ಆತನ ಹಿರಿಮೆ ಲಿಪಿಯಲ್ಲಿಲ್ಲ, ಕೀಲಿಯ ಕೆಳಗೆ ಇದೆ. ತಂತಿಯ ಎರಡು ತುದಿಗಳಲ್ಲಿಯೂ ಲೋಹದ ಹೋಳುಗಳಿಂದ ಮಾಡಿದ ಒಂದೊಂದು ಬಿಲ್ಲೆ. ಅದರ ಮೇಲೆ ಕುಂಚದಂಥ ಒಂದು ಕೈ ನಿಮಿಷಕ್ಕೆ 180 ಸುತ್ತು ತಿರುಗುತ್ತದೆ. ಒಬ್ಬೊಬ್ಬ ನೌಕರನಿಗೂ ಬಿಲ್ಲೆಯಲ್ಲಿ ಐದು ಹೋಳಿನ ಒಂದು ಪಾಲು. ಕುಂಚ ಅವನ ಪಾಲಿನ ಮೇಲೆ ಹಾಯುವಾಗ ಅವನ ಐದು ಕೀಲಿಗಳ ಸ್ಥಿತಿ ಒಂದರ ಹಿಂದೊಂದಾಗಿ ತಂತಿಗೆ ಇಳಿಯುತ್ತದೆ. ಕೀಲಿಗಳನ್ನು ಒಮ್ಮೆ ಒತ್ತಿದರೆ ಅವು ಹಾಗೆಯೇ ಹಿಡಿದು ನಿಲ್ಲುತ್ತವೆ. ಕುಂಚ ಬಂದು ಹೋಗುವವರೆಗೆ ಬಿಡುವುದಿಲ್ಲ. ಹೋದ ಕೂಡಲೆ ಟಕ್ಕೆಂಬ ಸದ್ದಿನೊಡನೆ ಕೀಲಿಗಳು ಬಿಡುಗಡೆಯಾಗುತ್ತವೆ. ಆ ಸದ್ದೇ ಮುಂದಿನ ಅಕ್ಷರಕ್ಕೆ ಅಪ್ಪಣೆ. ಸೆಕೆಂಡಿಗೆ ಮೂರು ಅಕ್ಷರ, ನಿಮಿಷಕ್ಕೆ ಸುಮಾರು ಮೂವತ್ತು ಮಾತು. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ತಾಳಕ್ಕೆ ಸರಿಯಾಗಿ ಒತ್ತುವುದನ್ನು ಕಲಿಯದವನು ಆ ಯಂತ್ರದ ಮುಂದೆ ಕೂರುವಂತಿರಲಿಲ್ಲ.

ಇದನ್ನು ಓದಿದ ದಿನ ನನ್ನ ಪಾಠದ ಅರ್ಧ ಭಾಗ ತಾನಾಗಿಯೇ ಬರೆದುಕೊಂಡಿತು. ಕಂಪ್ಯೂಟರಿಗೆ ಅಂಟಿಕೊಂಡ ಸಾಧನಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಒಂದು ಡಿಸ್ಕಿನಂಥದು, ಪುಸ್ತಕದಂತೆ ಅದರ ಯಾವ ಪುಟವನ್ನಾದರೂ ಮತ್ತೆ ತೆರೆಯಬಹುದು. ಇನ್ನೊಂದು ಅಕ್ಷರಸಾಧನ, ಎಂದರೆ ಕ್ಯಾರೆಕ್ಟರ್ ಡಿವೈಸ್. ಅದು ಹರಿಕಥೆಯಂತೆ, ದಾಸರ ಬಾಯಿಂದ ಬಂದ ಮಾತು ಬಂದಾಗಲೇ ಕೇಳಬೇಕು, ತೂಕಡಿಸಿದವನಿಗೆ ಅದು ಹಿಂತಿರುಗುವುದಿಲ್ಲ. ಇಂಥ ಸಾಧನಕ್ಕೆ ಡ್ರೈವರ್ ಬರೆಯುವುದೆಂದರೆ ಹೊರನೋಟಕ್ಕೆ ಬಹಳ ಸರಳ. ಕರ್ನೆಲ್ಲಿನಿಂದ ಎರಡು ಸಂಖ್ಯೆಗಳನ್ನು ಪಡೆಯಬೇಕು. ಮೊದಲನೆಯದು ಯಾವ ಡ್ರೈವರ್ ಎಂಬುದಕ್ಕೆ, ಎರಡನೆಯದು ಅದರ ಕೈಕೆಳಗಿನ ಯಾವ ಸಾಧನ ಎಂಬುದಕ್ಕೆ. ಆ ಸಂಖ್ಯೆಗಳಿಗೆ ಕಡತಗಳ ನಡುವೆ ಒಂದು ಹೆಸರು ದೊರೆಯುತ್ತದೆ. ಆಮೇಲೆ ಕರ್ನೆಲ್ಲಿನ ಕೈಗೆ ಒಂದು ಪಟ್ಟಿಯನ್ನು ಒಪ್ಪಿಸಬೇಕು: ಯಾರಾದರೂ ಈ ಕಡತವನ್ನು ತೆರೆದರೆ ಈ ಕೆಲಸ ಮಾಡು, ಓದಿದರೆ ಇದನ್ನು, ಬರೆದರೆ ಇದನ್ನು, ಮುಚ್ಚಿದರೆ ಇದನ್ನು. ಓದುವವನ ಕಣ್ಣಿಗೆ ತೂಕದ ಯಂತ್ರವಿಲ್ಲ, ಸರಿಗೆಯಿಲ್ಲ. ಒಂದು ಕಡತವಿದೆ, ಅಷ್ಟೇ.

ಕಷ್ಟವಿರುವುದು ಓದು ಎಂಬ ಒಂದೇ ಮಾತಿನಲ್ಲಿ. ಓದುವವನು ಬಂದು ಕೇಳಿದಾಗ ಅಕ್ಷರ ಇನ್ನೂ ಬಂದಿಲ್ಲದಿರಬಹುದು. ಅಕ್ಷರ ಬಂದಾಗ ಓದುವವನು ಬೇರೆಲ್ಲೋ ಇರಬಹುದು. 9600ರ ವೇಗದಲ್ಲಿ ಒಂದು ಅಕ್ಷರ ಬಂದ ಮೇಲೆ ಮುಂದಿನದು ಬರಲು ಸೆಕೆಂಡಿನ ಸಾವಿರದೊಂದನೆಯ ಪಾಲಿಗಿಂತ ಸ್ವಲ್ಪವೇ ಹೆಚ್ಚು ಸಮಯ. ಹಳೆಯ ಚಿಪ್ಪುಗಳ ಕೈಯಲ್ಲಿ ಹಿಡಿಯುತ್ತಿದ್ದದ್ದು ಒಂದೇ ಅಕ್ಷರ. ಅಷ್ಟರೊಳಗೆ ಅದನ್ನು ಎತ್ತಿಕೊಳ್ಳದಿದ್ದರೆ ಹಿಂದಿನದರ ಮೇಲೆ ಮುಂದಿನದು ಬಂದು ಕೂರುತ್ತದೆ. ಆದ್ದರಿಂದ ಚಿಪ್ಪು ಅಕ್ಷರ ಬಂತೆಂದು ಕರೆ ಕೊಟ್ಟೊಡನೆ, ಕರ್ನೆಲ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ಡ್ರೈವರನ್ನು ಎಬ್ಬಿಸುತ್ತದೆ. ಡ್ರೈವರ್ ಮಾಡಬೇಕಾದ್ದು ಅತಿ ಕಡಮೆ: ಅಕ್ಷರವನ್ನು ಎತ್ತಿಕೊಂಡು ತನ್ನ ಕಣಜದಲ್ಲಿ ಹಾಕಿ, ಕಾದು ಮಲಗಿರುವ ಓದುಗನಿದ್ದರೆ ತಟ್ಟಿ ಎಬ್ಬಿಸಿ, ಹಿಂತಿರುಗುವುದು. ಉಳಿದ ಮಾತೆಲ್ಲ ಆಮೇಲೆ. ಸರದಿ ಬರುವವರೆಗೆ ಹಿಡಿದಿಡು, ಸರದಿ ಮುಗಿದ ಕೂಡಲೆ ಬಿಡು, ಬಿಟ್ಟೆನೆಂದು ಸದ್ದು ಮಾಡು ಎಂಬ ಈ ಶಿಸ್ತನ್ನು ಬೋದೋ ಹಿತ್ತಾಳೆಯಲ್ಲಿ, ಕಬ್ಬಿಣದಲ್ಲಿ, ಆಯಸ್ಕಾಂತದಲ್ಲಿ ಕೂಡಿಸಿದ್ದನು. ಆತನ ಹಿಡಿದು ನಿಲ್ಲುವ ಕೀಲಿ ಒಂದು ಅಕ್ಷರ ಹಿಡಿಸುವ ಕಣಜ. ಆತನ ಟಕ್ಕೆಂಬ ಸದ್ದು ಎಚ್ಚರಿಕೆಯ ಕರೆ. ಅವನಲ್ಲಿ ಎಚ್ಚರಗೊಳ್ಳುತ್ತಿದ್ದವನು ಮನುಷ್ಯ, ನನ್ನಲ್ಲಿ ಪ್ರೋಗ್ರಾಮು.

ಇಲ್ಲಿ ಒಂದು ಅಪ್ರಿಯವಾದ ಪ್ರಕರಣವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅದೇ ತಂತಿ ಇಲಾಖೆಯಲ್ಲಿ ಲೂಯಿ ವಿಕ್ತೋರ್ ಮಿಮೋ ಎಂಬ ಇನ್ನೊಬ್ಬ ನೌಕರನಿದ್ದನು. 1874ರಲ್ಲಿ ಅವನೂ ಐದರ ಲಿಪಿಯೊಂದಕ್ಕೆ ಹಕ್ಕುಪತ್ರ ಪಡೆದನು. ಅವನ ಯೋಜನೆಯಲ್ಲಿ ಐದು ಗುರುತುಗಳಿಗೆ ಐದು ಬೇರೆ ಬೇರೆ ತಂತಿಗಳು. ಇಲಾಖೆ ಅದನ್ನು ಒಪ್ಪಲಿಲ್ಲ. ಅವನು ಮೆಯೇರನ ಸರದಿಯ ಕ್ರಮವನ್ನು ಸೇರಿಸಿಕೊಂಡು ಹೊಸದೊಂದನ್ನು ತಂದನು. ಅಷ್ಟರಲ್ಲಿ, ಕೆಲವೇ ವಾರಗಳ ಮುಂಚೆ, ಬೋದೋ ತನ್ನದನ್ನು ದಾಖಲಿಸಿದ್ದನು. 1877ರಲ್ಲಿ ಮಿಮೋ ದಾವೆ ಹೂಡಿದನು. ಪ್ಯಾರಿಸ್ಸಿನ ಸಿವಿಲ್ ನ್ಯಾಯಾಲಯ ಇಲಾಖೆಗೆ ಸೇರದ ಮೂವರು ತಜ್ಞರ ಅಭಿಪ್ರಾಯ ಪಡೆದು, ಲಿಪಿಯ ಮೊದಲ ಕಲ್ಪನೆ ಮಿಮೋನದೆಂದೂ ಬೋದೋನದು ಅದರ ಸುಧಾರಣೆಯೆಂದೂ ತೀರ್ಪಿತ್ತಿತು. ಈ ತೀರ್ಪು ಇಬ್ಬರಿಗೂ ಹಿಡಿಸಲಿಲ್ಲ. ಕೊನೆಗೆ ಅದು ರದ್ದಾಗಿ, ದಾವೆಯ ಖರ್ಚೆಲ್ಲ ಮಿಮೋನ ತಲೆಯ ಮೇಲೆ ಬಿದ್ದಿತು.

ಸೋತ ಮನುಷ್ಯನ ಬುದ್ಧಿ ಕಲಕಿತು. ಒಮ್ಮೆ ಇಬ್ಬರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ ಗಾಯಗೊಳಿಸಿದನು. ಆ ಮೊಕದ್ದಮೆ ಕೈಬಿಟ್ಟುಹೋಯಿತು. ತನ್ನ ಹಕ್ಕುಪತ್ರದ ಅವಧಿಯನ್ನು ವಿಶೇಷ ಕಾನೂನಿನಿಂದ ಹೆಚ್ಚಿಸಬೇಕೆಂದೂ, ಒಂದು ಲಕ್ಷ ಫ್ರಾಂಕ್ ಪರಿಹಾರ ಬೇಕೆಂದೂ, ಲೀಜನ್ ಆಫ್ ಆನರ್ ಪದವಿ ಬೇಕೆಂದೂ ಸರಕಾರವನ್ನು ಕೇಳಿದನು. ತಂತಿ ಸಂಶೋಧನೆಯ ಮುಖ್ಯಸ್ಥನಾದ ಜೂಲ್ ರೇನೋ ನಡೆಸಿದ ಸಮಿತಿ ಅದನ್ನು ತಳ್ಳಿಹಾಕಿತು. 1888ರಲ್ಲಿ ಮಿಮೋ ರೇನೋವನ್ನು ಗುಂಡಿಟ್ಟು ಕೊಂದನು. ಹತ್ತು ವರ್ಷದ ಕಠಿಣ ಶಿಕ್ಷೆ, ಇಪ್ಪತ್ತು ವರ್ಷದ ಗಡೀಪಾರು ಅವನಿಗೆ ದೊರೆತ ಪ್ರತಿಫಲ.

ಯಾರು ಸರಿ? ಐದು ಎಂಬ ಸಂಖ್ಯೆಯನ್ನು ಕಂಡುಹಿಡಿದವರು ಇಬ್ಬರಲ್ಲಿ ಯಾರೂ ಅಲ್ಲ. ಎರಡೇ ಗುರುತುಗಳನ್ನು ಐದೈದಾಗಿ ಜೋಡಿಸಿ ಅಕ್ಷರ ಬರೆಯಬಹುದೆಂದು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1623ರಲ್ಲಿಯೇ ಗುಪ್ತಲಿಪಿಯ ವಿಷಯವಾಗಿ ಬರೆದಿದ್ದನು. ನನಗೆ ಕಾಣುವ ಮುಖ್ಯ ವ್ಯತ್ಯಾಸ ಬೇರೆ. ಮಿಮೋ ಮೊದಲು ಐದು ಗುರುತುಗಳನ್ನು ಐದು ತಂತಿಗಳಲ್ಲಿ ಪಕ್ಕಪಕ್ಕದಲ್ಲಿ ನಿಲ್ಲಿಸಿದನು. ಬೋದೋ ಅವನ್ನು ಒಂದೇ ತಂತಿಯಲ್ಲಿ, ಕಾಲದಲ್ಲಿ ಒಂದರ ಹಿಂದೆ ಒಂದಾಗಿ ನಡೆಸಿ, ಆ ನಡಿಗೆಗೆ ಬೇಕಾದ ಗಡಿಯಾರವನ್ನೂ ಕಟ್ಟಿದನು. ನನ್ನ ತೂಕದ ಯಂತ್ರದಿಂದ ಅಂಕೆಯನ್ನು ಹೊತ್ತು ತರುವ ಸರಿಗೆಯೂ ಒಂದೇ. ಬಿಟ್ಟುಗಳು ಅದರಲ್ಲಿ ಬರುವುದೂ ಒಂದರ ಹಿಂದೊಂದಾಗಿ. ಹಾಗೆಂದ ಮಾತ್ರಕ್ಕೆ ಮಿಮೋನ ನೋವು ಸುಳ್ಳಾಗುವುದಿಲ್ಲ. ಮೂವರು ಹೊರಗಿನ ತಜ್ಞರು ಒಮ್ಮೆ ಅವನ ಪರವಾಗಿ ನಿಂತಿದ್ದರೆಂಬುದನ್ನೂ, ರೇನೋ ಯಾವ ತಪ್ಪೂ ಮಾಡದೆ ಸತ್ತನೆಂಬುದನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ. ಬಾಡ್ ಎಂಬ ಮಾತನ್ನು ಪಾಠದಲ್ಲಿ ಬರೆಯುವಾಗ ಈಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಬೋದೋವಿನ ಯಂತ್ರ ಅಷ್ಟರಲ್ಲಿ ಬಹುದೂರ ಹೋಗಿತ್ತು. 1877ರಲ್ಲಿ ಪ್ಯಾರಿಸ್ ಮತ್ತು ಬೋರ್ಡೋ ನಗರಗಳ ನಡುವೆ ಅದು ಕೆಲಸಕ್ಕೆ ನಿಂತಿತು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತು. ಪ್ರಾಥಮಿಕ ಶಾಲೆಯಲ್ಲಿ ಓದು ಮುಗಿಸಿದ ರೈತನ ಮಗ 1882ರಲ್ಲಿ ಇಲಾಖೆಯ ಇನ್ಸ್‌ಪೆಕ್ಟರ್ ಇಂಜಿನಿಯರ್ ಆದನು. 1887ರಲ್ಲಿ ಅಟ್ಲಾಂಟಿಕ್ ಸಾಗರದ ಕೇಬಲ್ಲಿನ ಮೇಲೂ ಪರೀಕ್ಷೆ ನಡೆಸಿದನು.

1890ರ ಜನವರಿಯಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಆತನು ಮದುವೆಯಾದನು. ಏಪ್ರಿಲ್ ತಿಂಗಳಲ್ಲಿ ಹೆಂಡತಿ ತೀರಿಕೊಂಡಳು. ಮೂರೇ ತಿಂಗಳ ಸಂಸಾರ. ಅದೇ ವರ್ಷದ ಆಗಸ್ಟಿನಲ್ಲಿ ಪ್ಯಾರಿಸ್, ವಾನ್, ಲೋರಿಯಾಂ ಎಂಬ ಮೂರು ಊರುಗಳನ್ನು ಒಂದೇ ತಂತಿಯ ಮೇಲೆ ಮಾತನಾಡಿಸಿದನೆಂದು ದಾಖಲೆ ಹೇಳುತ್ತದೆ. ಈ ಎರಡು ತಾರೀಖುಗಳ ನಡುವಿನ ನಾಲ್ಕು ತಿಂಗಳು ಆ ಮನುಷ್ಯ ಹೇಗಿದ್ದನೆಂಬುದನ್ನು ಊಹಿಸಲು ನಾನು ಹೋಗುವುದಿಲ್ಲ. 1897ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಡುವಣ ತಂತಿಗೂ ಆತನ ಯಂತ್ರ ಬಂದಿತು. 1903ರ ಮಾರ್ಚ್ 28ರಂದು, ಪ್ಯಾರಿಸ್ಸಿನ ಸಮೀಪದ ಸೋ ಎಂಬಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ ಬೋದೋ ನಿಧನನಾದನು.

ಮುಂದಿನ ಕಥೆಯಲ್ಲಿ ಆತನ ಯಂತ್ರ ಕರಗುತ್ತ ಬಂದು ಹೆಸರು ಮಾತ್ರ ನಿಲ್ಲುತ್ತದೆ. ನ್ಯೂಜಿಲೆಂಡಿನ ಡೊನಾಲ್ಡ್ ಮರೆ 1901ರ ಸುಮಾರಿಗೆ ಟೈಪ್‌ರೈಟರಿನಂಥ ಕೀಲಿಮಣೆಯನ್ನು ತಂದನು. ಕೀಲಿಯೊಂದಕ್ಕೆ ಅಕ್ಷರವೊಂದಾದ ಮೇಲೆ ಬೆರಳಿನ ಅನುಕೂಲದ ಚಿಂತೆ ಹೋಯಿತು; ಸ್ವರ ಬಲಕ್ಕೆ, ವ್ಯಂಜನ ಎಡಕ್ಕೆ ಎಂಬ ಕ್ರಮವೂ ಹೋಯಿತು. ಕಾಗದದಲ್ಲಿ ತೂತು ಕೊರೆಯುವ ಯಂತ್ರ ಕಡಮೆ ಸವೆಯುವಂತೆ, ಹೆಚ್ಚಾಗಿ ಬರುವ ಅಕ್ಷರಕ್ಕೆ ಕಡಮೆ ತೂತುಗಳನ್ನು ಅವನು ಹಂಚಿದನು. ನನಗೆ ಹಳೆಯ ಕ್ರಮವೇ ಹೆಚ್ಚು ಇಷ್ಟ; ಆದರೆ ಯಂತ್ರಗಳು ನನ್ನ ಇಷ್ಟವನ್ನು ಕೇಳುವುದಿಲ್ಲ. ಐದು ಮನೆಗಳು ಮಾತ್ರ ಹಾಗೆಯೇ ಉಳಿದು, ಟೆಲಿಪ್ರಿಂಟರುಗಳ ಮೂಲಕ ಜಗತ್ತನ್ನೆಲ್ಲ ಸುತ್ತಿದವು. 1920ರ ದಶಕದಲ್ಲಿ ತಂತಿಯ ವೇಗದ ಅಳತೆಗೆ ಬಾಡ್ ಎಂಬ ಹೆಸರು ಬಂದಿತು: ತಂತಿಯ ಸ್ಥಿತಿ ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬಹುದೋ ಅಷ್ಟು ಬಾಡ್. 1949ರಲ್ಲಿ ಫ್ರಾನ್ಸ್ ಆತನ ಚಿತ್ರವಿರುವ ಅಂಚೆಚೀಟಿಯನ್ನು ತಂದಿತು. 1960ರ ದಶಕದಲ್ಲಿ ಏಳು ಬಿಟ್ಟಿನ ಆಸ್ಕಿ ಲಿಪಿ ಬಂದಿತು. ಅದನ್ನು ಆಡುವ ಟೆಲಿಟೈಪ್ ಯಂತ್ರಗಳು 110 ಬಾಡ್ ವೇಗದಲ್ಲಿ, ಸೆಕೆಂಡಿಗೆ ಹತ್ತು ಅಕ್ಷರದಂತೆ ಬಡಿಯುತ್ತಿದ್ದವು. 1969ರಿಂದ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ ಅವರ ಮುಂದಿದ್ದದ್ದು ಟೆಲಿಟೈಪುಗಳು. ಆದ್ದರಿಂದಲೇ ಇಂದಿಗೂ ಲಿನಕ್ಸಿನಲ್ಲಿ ಸರಿಗೆಯ ಬಾಗಿಲುಗಳಿಗೆಲ್ಲ ಟಿಟಿವೈ ಎಂಬ ಹೆಸರು. ನಮ್ಮ ದೇಶದಲ್ಲಿ ತಂತಿ ಸಮಾಚಾರ 2013ರ ಜುಲೈನಲ್ಲಿ ನಿಂತುಹೋಯಿತು. ಟಿಟಿವೈ ನಿಂತಿಲ್ಲ.

ನನ್ನ ಪಾಠದ ಎರಡನೆಯ ದಿನದ ಒಂದು ಸಂಗತಿ. ಹುಡುಗನೊಬ್ಬನು ತಾನು ಬರೆದ ಡ್ರೈವರನ್ನು ಕರ್ನೆಲ್ಲಿಗೆ ಸೇರಿಸಿ, ಇನ್ನೊಂದು ಕಂಪ್ಯೂಟರಿನಿಂದ ಸರಿಗೆಯ ಮೂಲಕ ಕ ಎಂಬ ಒಂದೇ ಅಕ್ಷರವನ್ನು ಕಳುಹಿಸಿದನು. ಬಂದದ್ದು ಮೂರು. ಡ್ರೈವರ್ ಕೆಟ್ಟಿದೆಯೆಂದು ಅವನು ಓಡಿಬಂದನು. ಡ್ರೈವರ್ ಸರಿಯಾಗಿಯೇ ಇತ್ತು. ಇಂದಿನ ಲಿಪಿಕ್ರಮದಲ್ಲಿ ಕನ್ನಡದ ಕ ಎಂಬುದು ಎಂಟೆಂಟು ಬಿಟ್ಟಿನ ಮೂರು ತುಂಡಾಗಿ ಪ್ರಯಾಣ ಮಾಡುತ್ತದೆ. ಕಾ ಎಂದರೆ ಆರು. ಅಕ್ಷರಸಾಧನವೆಂದು ಹೆಸರಿಟ್ಟುಕೊಂಡ ಈ ವ್ಯವಸ್ಥೆಗೆ ಅಕ್ಷರವೆಂದರೇನೆಂದು ಗೊತ್ತಿಲ್ಲ. ಬಂದ ತುಂಡನ್ನು ಬಂದ ಕ್ರಮದಲ್ಲಿ ದಾಟಿಸುವುದಷ್ಟೇ ಅದರ ಕೆಲಸ. ಕೂಡಿಸಿ ಓದುವುದು ಮೇಲಿನವರ ಪಾಲು. ಅದೇ ಹುಡುಗನ ಪ್ರೋಗ್ರಾಮಿನಲ್ಲಿ ನಿಜವಾದ ತಪ್ಪೂ ಒಂದಿತ್ತು. ಪ್ರತಿಸಲ ಓದಿದಾಗಲೂ ಎಷ್ಟು ತುಂಡು ಕೊಟ್ಟೆನೆಂದು ಡ್ರೈವರ್ ಲೆಕ್ಕ ಒಪ್ಪಿಸಬೇಕು. ಮುಗಿಯಿತೆನ್ನಲು ಸೊನ್ನೆ ಎನ್ನಬೇಕು. ಅವನು ಮೂರು ಎಂದೇ ಹೇಳುತ್ತಿದ್ದನು. ಪರದೆಯ ತುಂಬ ಕ ಕ ಕ ಎಂದು ಕಾಗೆಗಳ ಹಿಂಡು ಕೂತಂತೆ ಆಗಿ, ತರಗತಿಯೆಲ್ಲ ನಕ್ಕಿತು.

ಮೂರನೆಯ ದಿನ ನನ್ನ ಸೊನ್ನೆಯನ್ನು ಅವರ ಎದುರಿಗೇ ತಿದ್ದಿ ಮೂರು ಎಂದು ಬರೆದೆ; ಎರಡು ಬಿಟ್ಟುಗಳೂ ಒಂದಾದರೆ ಮೂರು, ಮೂರು ಎಂದರೆ ಎಂಟು ಬಿಟ್ಟಿನ ಅಕ್ಷರ. ತೂಕದ ಯಂತ್ರದ ಮೇಲೆ ಒಂದು ಅಚ್ಚು ಬೆಲ್ಲವನ್ನಿಟ್ಟೆವು. ಅಂಕೆಗಳು ಸಾಲಾಗಿ, ಒಂದರ ಹಿಂದೊಂದು ಬಂದವು. ಮುಂದಿನ ವರ್ಷದ ಹುಡುಗರಿಗೆ ಕೊಡುವ ಪ್ರತಿಯಲ್ಲಿ ಆ ಸೊನ್ನೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಅರ್ಧ ದಿನ ಅವರೂ ಸರಿಗೆಯನ್ನು ಬೈಯಲಿ. ಸಂಜೆಯ ಹೊತ್ತಿಗೆ ಐದರ ಬಳಿಗೆ ಬರುತ್ತಾರೆ. ಆಗ ಮಾನ್ಯೊ ಹಳ್ಳಿಯ ಕಥೆಯನ್ನು ಹೇಳುತ್ತೇನೆ, ಮಿಮೋನದನ್ನೂ ಸೇರಿಸಿ.